ಜಗಳ ಯಾರದ್ದು ಅನ್ನುವ ಮೊದಲು ಕೆಲಸ ಯಾರದ್ದು ಅಂತ ಕೇಳಿ

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಕಂಪನಿಗಳ ಟೆಂಪೋ ಟ್ರಾವೆಲರ್‌ಗಳು ಕುಶಾಲನಗರ ದಾಟಿ ಮಡಿಕೇರಿ ಕಡೆ ಹತ್ತುತ್ತವೆ. ದುಬಾರೆಯಲ್ಲಿ ರಾಫ್ಟಿಂಗ್, ರಾತ್ರಿ ಕ್ಯಾಂಪ್‌ಫೈರ್, ಭಾನುವಾರ ಅಬ್ಬಿ ಫಾಲ್ಸ್, ರಾಜಾಸೀಟು, ವಾಪಸ್. ಇದನ್ನು ಟೀಮ್ ಬಿಲ್ಡಿಂಗ್ ಅಂತ ಕರೆಯುತ್ತಾರೆ. ಬಂದವರಿಗೆ ಖುಷಿ ಸಿಗುತ್ತದೆ, ನಮ್ಮ ಕೊಡಗಿನ ಹೋಂಸ್ಟೇಗಳಿಗೆ ವ್ಯಾಪಾರವೂ ಆಗುತ್ತದೆ. ಎರಡೂ ಒಳ್ಳೆಯದೇ. ಆದರೆ ಇದರಿಂದ ತಂಡ ಕಟ್ಟಿದಂತಾಯಿತೇ?

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 1999ರಲ್ಲಿ ಎಡ್ವರ್ಡೊ ಸಾಲಸ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಈ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಟೀಮ್ ಬಿಲ್ಡಿಂಗ್‌ನಿಂದ ಕೆಲಸ ಸುಧಾರಿಸಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಅದರಲ್ಲಿ ಒಂದು ಭಾಗ ಮಾತ್ರ ಫಲ ಕೊಟ್ಟಿತ್ತು. ಯಾರು ಏನು ಮಾಡಬೇಕು ಅಂತ ಎಲ್ಲರೂ ಕೂತು ಬಿಡಿಸಿಕೊಂಡದ್ದು. 2009ರಲ್ಲಿ ಇನ್ನಷ್ಟು ಅಧ್ಯಯನ ಸೇರಿಸಿ ಮತ್ತೆ ನೋಡಿದಾಗ ಫಲಿತಾಂಶ ಸ್ವಲ್ಪ ಚೆನ್ನಾಗಿಯೇ ಬಂತು. ಆಗಲೂ ಮುಂದಿದ್ದದ್ದು ಎರಡೇ: ಗುರಿ ಏನು ಅಂತ ಗೊತ್ತುಮಾಡಿಕೊಳ್ಳುವುದು, ಕೆಲಸ ಯಾರದ್ದು ಅಂತ ಗೊತ್ತುಮಾಡಿಕೊಳ್ಳುವುದು.

ತಂಡ ಕಟ್ಟುವುದು, ಬದಲಾವಣೆಯನ್ನು ದಾಟಿಸುವುದು, ಒಳಜಗಳ ಬಿಡಿಸುವುದು. ಈ ಮೂರೂ ಕೆಲಸವನ್ನು ಕಸುಬಾಗಿ ಮಾಡುವವರಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಆರ್ಗನೈಸೇಷನ್ ಡೆವಲಪ್‌ಮೆಂಟ್ ಅಂತ ಹೆಸರು, ಓ.ಡಿ. ಅಂತ ಚುಟುಕಾಗಿ ಕರೆಯುತ್ತಾರೆ. ಕೇಳಿದರೆ ನಮಗಲ್ಲ ಇದು ಅನ್ನಿಸಬಹುದು. ಆದರೆ ನೂರು ಎಕರೆಯ ಕಾಫಿ ತೋಟವೂ ಒಂದು ಸಂಸ್ಥೆಯೇ. ಅಣ್ಣ ತಮ್ಮ ಸೇರಿ ನಡೆಸುವ ಐದು ರೂಮಿನ ಹೋಂಸ್ಟೇ, ಊರಿನ ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ), ಖಾಸಗಿ ಶಾಲೆ, ನರ್ಸಿಂಗ್ ಹೋಮ್, ರೆಸಾರ್ಟ್ ಎಲ್ಲವೂ ಸಂಸ್ಥೆಗಳೇ. ಅಲ್ಲಿ ಆಗುವ ಮನಸ್ತಾಪಗಳಲ್ಲಿ ಹೆಚ್ಚಿನವು ಮನುಷ್ಯರ ಸ್ವಭಾವದಿಂದ ಹುಟ್ಟಿದವಲ್ಲ, ಕೆಲಸದ ಏರ್ಪಾಡಿನಿಂದ ಹುಟ್ಟಿದವು. ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ. ಏರ್ಪಾಡು ಸರಿಮಾಡದೆ ಮನುಷ್ಯರನ್ನು ಸರಿಮಾಡಲು ಹೋದರೆ ಇಬ್ಬರಿಗೂ ನೋವಾಗುತ್ತದೆ, ಜಗಳ ಹಾಗೇ ಉಳಿಯುತ್ತದೆ.

ಮಾತು ಗಾಳಿಯಲ್ಲಿ ಹೋಗದಿರಲಿ. ಸುಂಟಿಕೊಪ್ಪದ ಕಡೆಯ ಒಂದು ಅರೇಬಿಕಾ ತೋಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಡಿಸೆಂಬರ್ ತಿಂಗಳು, ಕೊಯ್ಲು ಜೋರಾಗಿದೆ. ಕೊಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಚೀಲಗಳು ತೂಕಕ್ಕೆ ಬರುತ್ತವೆ, ರೈಟರ್ ಬರೆದುಕೊಳ್ಳುತ್ತಾರೆ, ಅಲ್ಲಿಂದ ಹಣ್ಣು ಪಲ್ಪಿಂಗ್‌ಗೆ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸುವುದಕ್ಕೆ ಹೋಗುತ್ತದೆ. ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ಕುಡಿಯುವಾಗ ಕಾಫಿಯ ರುಚಿ ಕೆಡುತ್ತದೆ. ಹಸಿರು ಕಾಯಿ ಜಾಸ್ತಿ ಬಂದರೆ ಇನ್ನೊಂದು ತೊಂದರೆ. ಅದು ಯಂತ್ರದಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ಬೀಜಕ್ಕೆ ಏಟು ಬೀಳುತ್ತದೆ.

ಪಲ್ಪಿಂಗ್ ನೋಡಿಕೊಳ್ಳುವವನು ಕೊಯ್ಲಿನ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯ ಮೇಲೆ ಕೂಗುತ್ತಾನೆ. "ಏಳು ಗಂಟೆಗೆ ಹಣ್ಣು ತಂದು ಸುರಿದರೆ ನಾನು ಎಷ್ಟು ಹೊತ್ತಿಗೆ ಮುಗಿಸೋದು? ಅದರಲ್ಲಿ ಅರ್ಧ ಕಾಯಿ!" ಮೇಸ್ತ್ರಿ ಬಿಡುತ್ತಾನಾ? "ಆಳು ಸಿಗೋದೇ ಕಷ್ಟ ಆಗಿದೆ ಅಣ್ಣ. ಆರಿಸಿ ಕೊಯ್ಯಿ ಅಂದರೆ ನಾಳೆ ಪಕ್ಕದ ತೋಟಕ್ಕೆ ಹೋಗ್ತಾರೆ. ನೀವು ಬಂದು ಕೊಯ್ಯಿಸಿ ನೋಡಿ." ಮೂರು ವಾರ ಹೀಗೇ ನಡೆದರೆ ಇಬ್ಬರೂ ಮಾತು ಬಿಡುತ್ತಾರೆ. ತೋಟದ ಮಾಲೀಕರಾದ ಸಾವ್ಕಾರ್ರು ಇಬ್ಬರನ್ನೂ ಕರೆದು ಹೊಂದಿಕೊಂಡು ಹೋಗಿ ಅಂತ ಬುದ್ಧಿ ಹೇಳುತ್ತಾರೆ. ಇಬ್ಬರೂ ತಲೆ ಆಡಿಸುತ್ತಾರೆ. ಮಾರನೆಯ ದಿನ ಮತ್ತೆ ಅದೇ.

ಇಲ್ಲಿ ಯಾರು ಕೆಟ್ಟವರು? ಯಾರೂ ಅಲ್ಲ. ಮೇಸ್ತ್ರಿಯನ್ನು ತೋಟ ಅಳೆಯುವುದು ಕಿಲೋದಲ್ಲಿ. ಪಲ್ಪಿಂಗ್‌ನವನನ್ನು ಅಳೆಯುವುದು ಗುಣಮಟ್ಟದಲ್ಲಿ. ಇಬ್ಬರೂ ಅವರವರ ಕೆಲಸವನ್ನು ನಿಯತ್ತಾಗಿ ಮಾಡಿದಷ್ಟೂ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ಜಗಳ ಇರುವುದು ಕೂಲಿ ಲೆಕ್ಕದಲ್ಲಿ, ತೂಕದ ಹೊತ್ತಿನಲ್ಲಿ. ಕೊನೆಯ ತೂಕ ಸಂಜೆ ಐದಕ್ಕೆ ಮುಗಿಯಬೇಕು, ಮಧ್ಯಾಹ್ನ ಒಂದು ಸಲ ಬೇರೆ ತೂಕ ಹಾಕಬೇಕು, ಹಣ್ಣಷ್ಟೇ ಕೊಯ್ದವರಿಗೆ ಕಿಲೋಗೆ ಸ್ವಲ್ಪ ಜಾಸ್ತಿ ಕೊಡಬೇಕು ಅಂತ ಮೂರು ತೀರ್ಮಾನ ಮಾಡಿದರೆ ಆ ಇಬ್ಬರ ಸ್ವಭಾವ ಮೊದಲಿನಂತೆಯೇ ಇರುತ್ತದೆ, ಜಗಳ ಮಾತ್ರ ಮುಕ್ಕಾಲು ಭಾಗ ಕರಗುತ್ತದೆ. ಈ ತೀರ್ಮಾನ ಮಾಡುವ ಅಧಿಕಾರ ಅವರಿಬ್ಬರಿಗೂ ಇಲ್ಲ ಅನ್ನುವುದನ್ನು ಗಮನಿಸಿ. ಅದು ಇರುವುದು ಬುದ್ಧಿ ಹೇಳಿದ ಸಾವ್ಕಾರ್ರ ಹತ್ತಿರ.

ಓ.ಡಿ. ಕ್ಷೇತ್ರದ ಅಮೆರಿಕದ ತಜ್ಞ ರಿಚರ್ಡ್ ಬೆಕ್‌ಹಾರ್ಡ್ 1972ರಲ್ಲಿ ಇದನ್ನೇ ಒಂದು ಕ್ರಮವಾಗಿ ಬರೆದರು. ತಂಡದಲ್ಲಿ ತೊಂದರೆ ಬಂದಾಗ ಮೊದಲು ಗುರಿ ನೋಡಿ. ಆಮೇಲೆ ಯಾರ ಕೆಲಸ ಯಾವುದು ಅಂತ ನೋಡಿ. ಆಮೇಲೆ ತೀರ್ಮಾನ ಹೇಗಾಗುತ್ತದೆ, ಸುದ್ದಿ ಹೇಗೆ ತಲುಪುತ್ತದೆ ಅನ್ನುವುದನ್ನು ನೋಡಿ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಜನರ ನಡುವಿನ ಸಂಬಂಧಕ್ಕೆ ಬನ್ನಿ. ನಾವು ಸಾಮಾನ್ಯವಾಗಿ ಮಾಡುವುದು ಪೂರ್ತಿ ಉಲ್ಟಾ. "ಅವರಿಬ್ಬರಿಗೂ ಆಗಲ್ಲ" ಅಂತ ಕೊನೆಯದರಿಂದ ಶುರುಮಾಡಿ ಅಲ್ಲೇ ನಿಲ್ಲುತ್ತೇವೆ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ, ಇದು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು. 1950ರ ದಶಕದ ಶುರುವಿನಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ ಹೊಸ ಆಟೋಮ್ಯಾಟಿಕ್ ಮಗ್ಗ ಹಾಕಿತ್ತು. ಯಂತ್ರ ಹೊಸದು, ಉತ್ಪಾದನೆ ಮಾತ್ರ ಏರಲಿಲ್ಲ. ಲಂಡನ್ನಿನ ಟಾವಿಸ್ಟಾಕ್ ಇನ್‌ಸ್ಟಿಟ್ಯೂಟ್‌ನಿಂದ ಎ.ಕೆ. ರೈಸ್ ಎಂಬ ಸಂಶೋಧಕರು ಬಂದು ನೋಡಿದರು. ಒಂದೇ ಶೆಡ್‌ನಲ್ಲಿ ಹನ್ನೆರಡು ಬಗೆಯ ಕೆಲಸಗಾರರು. ನೇಯುವವನು ಬೇರೆ, ದಾರ ತುಂಬುವವನು ಬೇರೆ, ಎಣ್ಣೆ ಹಾಕುವವನು ಬೇರೆ. ಒಬ್ಬೊಬ್ಬರ ಪಾಲಿಗೆ ಬಂದ ಮಗ್ಗಗಳ ಸಂಖ್ಯೆಯೂ ಬೇರೆಬೇರೆ. ಹಾಗಾಗಿ ಇವು ನಮ್ಮ ಮಗ್ಗ ಅನ್ನುವ ಒಂದು ಗುಂಪೇ ಅಲ್ಲಿರಲಿಲ್ಲ. ಸಣ್ಣ ಸಣ್ಣ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದಷ್ಟು ಮಗ್ಗಗಳ ಪೂರ್ತಿ ಹೊಣೆ ಕೊಡೋಣ ಅಂತ ರೈಸ್ ಮಾತು ಎತ್ತಿದರು. ಕೆಲಸಗಾರರು ಆ ಮಾತನ್ನು ತಮ್ಮದೇ ಮಾಡಿಕೊಂಡರು. ಯಾರ ಜೊತೆ ಯಾರಿರಬೇಕು ಅಂತ ಅವರೇ ಗುಂಪು ಕಟ್ಟಿಕೊಂಡು ಬಂದರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಮಗ್ಗಗಳು ಅವೇ, ಜನರೂ ಅವರೇ.

ಯಾರಿಗೆ ಯಾವ ಕೆಲಸ ಅಂತ ಮೊದಲೇ ಗೊತ್ತಿರುವುದರ ಸುಖ ಕೊಡಗಿನವರಿಗೆ ಹೊಸದೇನಲ್ಲ. ಊರ ದೇವರ ಹಬ್ಬದಲ್ಲಿ ಯಾವ ಮನೆಯವರು ಏನು ತರಬೇಕು, ಯಾರು ಮುಂದೆ ನಿಲ್ಲಬೇಕು, ಊರ ಮುಖ್ಯಸ್ಥರಾದ ತಕ್ಕರ ಮಾತು ಎಲ್ಲಿ ನಡೆಯಬೇಕು ಅನ್ನುವುದು ತಲೆತಲಾಂತರದಿಂದ ಗೊತ್ತುಪಡಿಸಿದ್ದು. ವರ್ಷಕ್ಕೊಮ್ಮೆ ಸೇರುವ ನೂರಾರು ಜನ ಒಂದು ಸಭೆಯೂ ಇಲ್ಲದೆ ಹಬ್ಬ ಮಾಡಿ ಮುಗಿಸುತ್ತಾರೆ. ಅದೇ ಜನ ಒಂದು ಹೋಂಸ್ಟೇ ಶುರುಮಾಡಿದಾಗ ಬುಕಿಂಗ್ ಫೋನ್ ಯಾರು ಎತ್ತಬೇಕು ಅಂತ ಗೊತ್ತಿಲ್ಲದೆ ಅತ್ತಿಗೆ ನಾದಿನಿ ಮುಖ ತಿರುಗಿಸಿಕೊಂಡಿರುತ್ತಾರೆ.

ಕೊಡಗಿನಲ್ಲಿ ತಂಡ ಅಂದ ಕೂಡಲೇ ಭಾಷೆಯ ವಿಷಯ ಬರುತ್ತದೆ. ಇದನ್ನು ಹೊರಗಿನ ಸಲಹೆಗಾರರು ಬೇಗ ಗಮನಿಸುವುದಿಲ್ಲ. ಒಂದೇ ರೆಸಾರ್ಟಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಬ್ಯಾರಿ ಮಾತಾಡುವವರು ಸಿಗುತ್ತಾರೆ. ತೋಟಗಳಿಗೆ ಅಸ್ಸಾಂ, ಬಂಗಾಳದ ಕಡೆಯಿಂದಲೂ ಜನ ಬರುತ್ತಾರೆ. ಸಭೆ ನಡೆಯುವುದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ಆ ಭಾಷೆ ಸರಿಯಾಗಿ ಬಾರದವರು ಸುಮ್ನೆ ಕೂತಿರುತ್ತಾರೆ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಮ್ಯಾನೇಜರ್ ಬರೆದುಕೊಳ್ಳುತ್ತಾರೆ.

ಹೀಗೆ ಸುಮ್ಮನಿರುವುದರ ಬೆಲೆ ಎಷ್ಟು ಅಂತ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಕಂಡುಕೊಂಡರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗ ಆಗುವ ತಪ್ಪು ಕಡಿಮೆ ಇರುತ್ತದೆ ಅಂತ ಅಂದುಕೊಂಡು ನೋಡಿದರೆ ಲೆಕ್ಕ ತಿರುಗಾಮುರುಗಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಕೆದಕಿ ನೋಡಿದಾಗ ಕಾರಣ ಕಂಡಿತು. ಅಲ್ಲಿಯ ನರ್ಸ್‌ಗಳು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಹೆದರದೆ ಬಾಯಿಬಿಡುವ ಈ ಧೈರ್ಯದ ಬಗ್ಗೆ ಅವರು 1999ರಲ್ಲಿ ಬರೆದ ಪ್ರಬಂಧ ಇವತ್ತು ತಂಡಗಳ ಬಗ್ಗೆ ಮಾತಾಡುವವರೆಲ್ಲ ನೆನೆಯುವಂಥದ್ದು. ಹಾಗಾಗಿ ತೋಟವಾಗಲಿ ರೆಸಾರ್ಟಾಗಲಿ, ಸಭೆಯಲ್ಲಿ ಪ್ರತಿಯೊಬ್ಬರೂ ಅವರಿಗೆ ಬರುವ ಭಾಷೆಯಲ್ಲಿ ಎರಡು ಮಾತಾಡಲಿ, ಗೊತ್ತಿದ್ದವರು ತಿಳಿಸಿ ಹೇಳಲಿ. ಹದಿನೈದು ನಿಮಿಷ ಜಾಸ್ತಿ ಹಿಡಿಯಬಹುದು. ಹಿಡಿಯಲಿ.

ಈಗ ಬದಲಾವಣೆಯ ಮಾತು. ಊರಿನ ಸಹಕಾರ ಸಂಘಗಳನ್ನೇ ನೋಡಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಇದು ಲೆಡ್ಜರ್‌ನಿಂದ ಸಾಫ್ಟ್‌ವೇರ್‌ಗೆ ಹೋಗುವ ಸರಳ ಕೆಲಸ. ಸಂಘದ ಒಳಗೆ ಅಷ್ಟು ಸರಳವಲ್ಲ. ಇಪ್ಪತ್ತೈದು ವರ್ಷದಿಂದ ಲೆಡ್ಜರ್ ಬರೆದ ಗುಮಾಸ್ತರನ್ನು ಯೋಚಿಸಿ. ಯಾವ ಸದಸ್ಯರ ಸಾಲ ಯಾವ ಪುಟದಲ್ಲಿದೆ ಅಂತ ಅವರಿಗೆ ಬಾಯಿಪಾಠ. ಸೆಕ್ರೆಟರಿಯೂ ಅವರನ್ನೇ ಕೇಳಬೇಕು. ನಾಳೆಯಿಂದ ಆ ವಿಷಯ ಇಪ್ಪತ್ತೆರಡರ ಹುಡುಗಿಯೊಬ್ಬಳು ಒಂದು ಬಟನ್ ಒತ್ತಿ ತೆಗೆಯುತ್ತಾಳೆ. ಅವರಿಗೆ ಕಂಪ್ಯೂಟರ್ ಕಲಿಯಲು ಮನಸ್ಸಿಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರು ಕಳೆದುಕೊಳ್ಳುತ್ತಿರುವುದು ಒಂದು ಸ್ಥಾನವನ್ನು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ವಿಲಿಯಂ ಬ್ರಿಡ್ಜಸ್ ಎಂಬ ಅಮೆರಿಕದ ಲೇಖಕರು ಈ ವ್ಯತ್ಯಾಸವನ್ನು ಚೆನ್ನಾಗಿ ಹಿಡಿದರು. ಬದಲಾವಣೆ ಹೊರಗೆ ಆಗುತ್ತದೆ, ಒಂದು ದಿನದಲ್ಲಿ ಆಗಬಹುದು. ಮನುಷ್ಯ ಅದಕ್ಕೆ ಒಗ್ಗಿಕೊಳ್ಳುವುದು ಒಳಗೆ, ಅದು ನಿಧಾನ. ಮೊದಲು ಹಳೆಯದು ಮುಗಿಯಬೇಕು. ಆಮೇಲೆ ಹಳೆಯದೂ ಇಲ್ಲದ ಹೊಸದೂ ಕೈಗೆ ಬಾರದ ಗೊಂದಲದ ಕಾಲ. ಕೊನೆಗೆ ಹೊಸದರ ಶುರು. ಹೆಚ್ಚಿನ ಕಡೆ ಆಡಳಿತದವರು ಮೊದಲ ಎರಡನ್ನು ಬಿಟ್ಟು ನೇರ ಮೂರನೆಯದಕ್ಕೆ ರಿಬ್ಬನ್ ಕತ್ತರಿಸುತ್ತಾರೆ. ಕಾಫಿ ಬೆಳೆಗಾರರ ಮನೆಯ ಹಿರಿಯರನ್ನು ಕೇಳಿ ನೋಡಿ. ದಶಕಗಳ ಕಾಲ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ ಕೊಟ್ಟರೆ ಸಾಕಿತ್ತು, ಮಾರಾಟದ ಚಿಂತೆ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಬಿಡುತ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆಯಾಯಿತು. ನಿಯಮ ಬದಲಾದದ್ದು ಕಾಗದದ ಮೇಲೆ. ದಿನಾ ಬೆಳಿಗ್ಗೆ ರೇಟು ನೋಡಿ ಇವತ್ತು ಕೊಡಬೇಕೋ ತಡೆಯಬೇಕೋ ಅಂತ ತೀರ್ಮಾನಿಸುವ ಅಭ್ಯಾಸ ಬರಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಯಿತು.

ಹಾಗಾದರೆ ದಾಟಿಸುವುದು ಹೇಗೆ? ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ನಡೆದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಅದನ್ನು ಪ್ರಕಟಿಸಿದರು. ಹೊಲಿಗೆಯ ವಿಧಾನ ಆಗಾಗ ಬದಲಾಗುತ್ತಿತ್ತು, ಪ್ರತಿ ಸಲವೂ ಕೆಲಸಗಾರರಿಗೆ ಸಿಟ್ಟು. ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ನೆ ತಿಳಿಸಿದರು. ಇನ್ನೊಂದು ಗುಂಪಿನಿಂದ ಪ್ರತಿನಿಧಿಗಳನ್ನು ಕೂರಿಸಿಕೊಂಡರು. ಮತ್ತೆರಡು ಗುಂಪುಗಳಲ್ಲಿ ಎಲ್ಲರೂ ಕೂತು ಹೊಸ ವಿಧಾನವನ್ನು ರೂಪಿಸಿದರು. ಬರಿ ತಿಳಿಸಿದ ಗುಂಪಿನಲ್ಲಿ ಮೊದಲ ನಲವತ್ತು ದಿನದಲ್ಲೇ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು, ಉತ್ಪಾದನೆ ಬಿದ್ದಲ್ಲೇ ಇತ್ತು. ಎಲ್ಲರೂ ಕೂತ ಗುಂಪುಗಳು ಬೇಗ ಚೇತರಿಸಿಕೊಂಡು ಮೊದಲಿಗಿಂತ ಮೇಲೆ ಹೋದವು. ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಭಾಗ. ಕೆಲವು ತಿಂಗಳ ನಂತರ, ಆ ಮೊದಲ ಗುಂಪಿನಲ್ಲಿ ಉಳಿದವರಿಗೆ ಇನ್ನೊಂದು ಬದಲಾವಣೆ ಬಂತು. ಈ ಸಲ ಅವರನ್ನೂ ಕೂರಿಸಿ ಮಾಡಿದರು. ಅದೇ ಜನ ಚೆನ್ನಾಗಿಯೇ ದಾಟಿದರು. ಹಠಮಾರಿಗಳು ಅಂತ ಅನ್ನಿಸಿಕೊಂಡವರೇ ಅವರು.

ನಮ್ಮ ಸಂಘದ ಗುಮಾಸ್ತರಿಗೆ ಇದನ್ನು ಹೊಂದಿಸಿದರೆ ಮಾಡಬೇಕಾದ್ದು ಗೊತ್ತಾಗುತ್ತದೆ. ಲೆಡ್ಜರ್‌ನಲ್ಲಿರುವ ಹಳೆಯ ಲೆಕ್ಕ ಸಾಫ್ಟ್‌ವೇರ್‌ಗೆ ಹೋಗುವಾಗ ತಾಳೆ ನೋಡುವ ಅಧಿಕಾರ ಅವರದ್ದೇ ಆಗಲಿ. ಯಾವ ಸರ್ವೇ ನಂಬರಿನ ಸಾಲ ಯಾರ ಮಗನ ಹೆಸರಿಗೆ ಹೋಯಿತು ಅನ್ನುವುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಇನ್ನು ಹೊತ್ತಿನ ವಿಷಯ. ಸಾಲ ಕಟ್ಟಿ ನವೀಕರಿಸುವ ಮಾರ್ಚ್ ತಿಂಗಳ ನೂಕುನುಗ್ಗಲಿನಲ್ಲಿ ಹೊಸ ವ್ಯವಸ್ಥೆ ಶುರು ಮಾಡಬಾರದು. ಜೋರು ಮಳೆಯಲ್ಲಿ ಕರೆಂಟೇ ಇರದ ಜುಲೈಯಲ್ಲೂ ಬೇಡ. ಇಂಥ ಮಾತು ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ ಮೊದಲ ದಿನವೇ ಬರುತ್ತದೆ, ಯಾರಾದರೂ ಕೇಳಿದರೆ.

ಏರ್ಪಾಡು ಸರಿಯಿದ್ದರೂ ಜಗಳ ಬರುತ್ತದೆ, ಅಲ್ವಾ? ಬರುತ್ತದೆ. ಆಗ ನೆನಪಿಗೆ ತಂದುಕೊಳ್ಳಬೇಕಾದವರು ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್. 1925ರ ಒಂದು ಉಪನ್ಯಾಸದಲ್ಲಿ ಅವರು ಹಾರ್ವರ್ಡ್ ಲೈಬ್ರರಿಯ ಸಣ್ಣ ಕೋಣೆಯ ಪ್ರಸಂಗ ಹೇಳಿದರು. ಜೊತೆಗಿದ್ದವರಿಗೆ ಕಿಟಕಿ ತೆರೆಯಬೇಕಿತ್ತು, ಫಾಲೆಟ್‌ಗೆ ಮುಚ್ಚಬೇಕಿತ್ತು. ಕೊನೆಗೆ ಯಾರೂ ಇರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಜೊತೆಗಿದ್ದವರಿಗೆ ಬೇಕಿದ್ದದ್ದು ಗಾಳಿ, ಆ ಕಿಟಕಿಯಲ್ಲ. ಫಾಲೆಟ್‌ಗೆ ಬೇಡವಾಗಿದ್ದದ್ದು ಉತ್ತರದ ಗಾಳಿ ನೇರ ಮೈಗೆ ಬೀಸುವುದು. ಕಿಟಕಿಯನ್ನು ಅರ್ಧ ತೆರೆದಿದ್ದರೆ ರಾಜಿಯಾಗುತ್ತಿತ್ತು, ಇಬ್ಬರಿಗೂ ಅರೆಮನಸ್ಸು ಉಳಿಯುತ್ತಿತ್ತು. ಒಬ್ಬರು ಗೆಲ್ಲುವುದು ಮತ್ತು ಇಬ್ಬರೂ ಸ್ವಲ್ಪ ಸೋಲುವುದು ಬಿಟ್ಟು ಮೂರನೆಯ ದಾರಿ ಇದೆ ಅನ್ನುವುದು ಅವರ ಮಾತು.

ಆ ದಾರಿ ಹುಡುಕಲು ಒಂದು ಪ್ರಶ್ನೆ ಸಾಕು. ಅದು ಯಾಕೆ ಬೇಕು? ಹೋಂಸ್ಟೇಯಲ್ಲಿ ತಮ್ಮನಿಗೆ ಇನ್ನೂ ಮೂರು ರೂಮು ಕಟ್ಟಬೇಕು, ಅಣ್ಣನಿಗೆ ಒಂದು ಕಲ್ಲೂ ಇಡುವುದು ಬೇಡ. ಯಾಕೆ ಅಂತ ಬೇರೆಬೇರೆಯಾಗಿ ಕೇಳಿದರೆ ತಮ್ಮನಿಗೆ ಮಗಳ ಕಾಲೇಜು ಫೀಸಿನ ಚಿಂತೆ. ಅಣ್ಣನಿಗೆ ಹಳೆಯ ಸಾಲ ತೀರದೆ ಇನ್ನೊಂದು ಸಾಲದ ಹೆದರಿಕೆ. ಈಗ ಮಾತು ರೂಮಿನದ್ದಲ್ಲ. ಸಾಲ ಮಾಡದೆ ವರ್ಷಕ್ಕೆ ಇಷ್ಟು ಆದಾಯ ಹೇಗೆ ಹೆಚ್ಚಿಸಬಹುದು ಅನ್ನುವುದು. ಅದಕ್ಕೆ ಇಬ್ಬರೂ ಒಂದೇ ಕಡೆ ಕೂತು ಲೆಕ್ಕ ಹಾಕಬಹುದು.

ಜಗಳ ಬಿಡಿಸುವವರು ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸುವುದು ಇದಕ್ಕೇ. ಎದುರಾಎದುರು ಕೂರಿಸುವುದು ಆಮೇಲೆ. ಅಲ್ಲಿ ಹೇಳಿದ್ದು ಇಲ್ಲಿ ಹೇಳುವುದಿಲ್ಲ ಅನ್ನುವ ನಂಬಿಕೆ ಮೊದಲ ದಿನವೇ ಹುಟ್ಟಬೇಕು. ಕೊಡಗಿನಲ್ಲಿ ಇದು ಇನ್ನೂ ಸೂಕ್ಷ್ಮ. 2011ರ ಜನಗಣತಿಯಂತೆ ಇಡೀ ಜಿಲ್ಲೆಯಲ್ಲಿ ಇದ್ದದ್ದು ಐದೂವರೆ ಲಕ್ಷ ಜನ. ಎಲ್ಲರಿಗೂ ಎಲ್ಲರೂ ಗೊತ್ತು. ಮುಂದಿನ ಭಾನುವಾರ ಮದುವೆ ಮನೆಯಲ್ಲಿ ಅದೇ ಮನುಷ್ಯನ ಪಕ್ಕ ಊಟಕ್ಕೆ ಕೂರಬೇಕು. ಹಾಗಾಗಿ "ಬಿಡಿ, ಯಾಕೆ ಸುಮ್ನೆ" ಅಂತ ನುಂಗಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನುಂಗಿದ್ದು ಹೋಗುವುದಿಲ್ಲ, ಆಡಳಿತ ಮಂಡಳಿಯ ಚುನಾವಣೆಯಲ್ಲೋ ಆಸ್ತಿ ಪಾಲಿನಲ್ಲೋ ಹೊರಗೆ ಬರುತ್ತದೆ. ನಡುವೆ ಕೂರುವವರನ್ನು ಆರಿಸುವಾಗಲೂ ಅಷ್ಟೇ. ಎಷ್ಟೇ ನ್ಯಾಯವಂತರಾಗಲಿ, ಅವರು ಒಬ್ಬರ ಅತ್ತೆ ಮನೆ ಕಡೆಯವರಾದರೆ ಇನ್ನೊಬ್ಬರು ಬಾಯಿ ಬಿಡುವುದಿಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಎಲ್ಲವನ್ನೂ ಕೂತು ಮಾತಾಡಿ ಸರಿಮಾಡಲು ಆಗುವುದಿಲ್ಲ, ಮಾಡಲೂ ಬಾರದು. ಕೂಲಿ ಕಾನೂನಿಗಿಂತ ಕಡಿಮೆ ಕೊಟ್ಟಿದ್ದರೆ ಅದು ಭಿನ್ನಾಭಿಪ್ರಾಯವಲ್ಲ, ಬಾಕಿ. ಕೊಡಬೇಕು, ಅಷ್ಟೇ. ಲೈನ್ ಮನೆಯಲ್ಲಿರುವ ಕೆಲಸಗಾರರಿಗೆ ಕೂಲಿಯೂ ಸಾವ್ಕಾರ್ರದ್ದು, ತಲೆ ಮೇಲಿನ ಸೂರೂ ಅವರದ್ದೇ. ಅಂಥವರನ್ನು ಸಮಾನರಂತೆ ಎದುರು ಕೂರಿಸಿ "ಮನಸ್ಸಿನಲ್ಲಿದ್ದದ್ದು ಹೇಳಿ" ಅಂದರೆ ಅವರು ಏನು ಹೇಳಿಯಾರು? ಇನ್ನು ಲೈಂಗಿಕ ಕಿರುಕುಳದ ದೂರು. 2013ರ ಕಾಯ್ದೆಯಂತೆ ಹತ್ತು ಮತ್ತು ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ರಾಜಿ ಬೇಕು ಅಂತ ಕೇಳುವ ಹಕ್ಕು ದೂರು ಕೊಟ್ಟ ಮಹಿಳೆಗೆ ಮಾತ್ರ, ಆ ರಾಜಿಯಲ್ಲೂ ಹಣದ ಇತ್ಯರ್ಥ ಕೂಡದು. ಮನೆಯ ಮರ್ಯಾದೆ, ತೋಟದ ಮರ್ಯಾದೆ ಅಂತ ಹಿರಿಯರು ನಡುವೆ ಬಂದು ಮುಚ್ಚಿಹಾಕುವುದು ಅನ್ಯಾಯ.

ಹೊರಗಿನವರನ್ನು ಕರೆಸುವುದಾದರೆ ಮೊದಲ ಭೇಟಿಯಲ್ಲೇ ಅವರು ಏನು ಕೇಳುತ್ತಾರೆ ಅನ್ನುವುದನ್ನು ನೋಡಿ. ಎರಡು ದಿನದ ಕಾರ್ಯಕ್ರಮದ ಪಟ್ಟಿಯನ್ನು ಮೊದಲೇ ಹಿಡಿದುಕೊಂಡು ಬಂದವರಿಗಿಂತ, "ನಿಮ್ಮಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ ಹೇಗೆ ನಡೆಯುತ್ತದೆ, ಒಂದು ದಿನ ಜೊತೆಗಿದ್ದು ನೋಡಬಹುದಾ?" ಅಂತ ಕೇಳುವವರು ಮೇಲು. ಯಾರ ಜೊತೆ ಮಾತಾಡುತ್ತಾರೆ, ಏನನ್ನು ಮಾಲೀಕರಿಗೂ ಹೇಳುವುದಿಲ್ಲ, ಯಾವಾಗ ಕೆಲಸ ಮುಗಿಯಿತು ಅಂತ ಲೆಕ್ಕ ಅನ್ನುವುದನ್ನು ಬರೆದುಕೊಳ್ಳಿ.

ಹತ್ತು ಹನ್ನೆರಡು ಜನರ ಜಾಗಕ್ಕೆ ಹೊರಗಿನವರೇ ಬೇಕೆಂದಿಲ್ಲ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಎಲ್ಲರೂ ಕೂತುಕೊಳ್ಳಿ. ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲಿ. ನನ್ನ ಕೆಲಸ ಅಂತ ನಾನು ತಿಳಿದಿರುವುದು ಏನು, ಅದನ್ನು ಮಾಡಲು ಯಾರಿಂದ ಏನು ಯಾವ ಹೊತ್ತಿಗೆ ಬೇಕು, ಯಾವುದನ್ನು ನಾನೊಬ್ಬನೇ ತೀರ್ಮಾನಿಸಬಹುದು. ಬರೆಯಲು ಬಾರದವರದ್ದನ್ನು ಇನ್ನೊಬ್ಬರು ಅವರು ಹೇಳಿದಂತೆಯೇ ಬರೆದುಕೊಡಲಿ. ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಇಬ್ಬರು ನನ್ನದು ಅಂದುಕೊಂಡ ಕೆಲಸ ಯಾವುದು, ಯಾರೂ ನನ್ನದು ಅನ್ನದ ಕೆಲಸ ಯಾವುದು ಅಂತ ಹುಡುಕಿ. ಮೊದಲ ಸಲ ಅದರಲ್ಲಿ ಎರಡನ್ನು ಮಾತ್ರ ಬಗೆಹರಿಸಿ, ಉಳಿದವನ್ನು ಮುಂದಿನ ತಿಂಗಳಿಗೆ ಇಡಿ. ಒಪ್ಪಿದ್ದನ್ನು ದಿನಾಂಕ ಹಾಕಿ ಬರೆದು, ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ತೋಟದವರಾದರೆ ಇದನ್ನು ಅಕ್ಟೋಬರ್ ಒಳಗೆ ಮುಗಿಸಿಕೊಳ್ಳಿ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ಆಮೇಲೆ ಕೂರಲು ಯಾರಿಗೂ ಪುರಸೊತ್ತಿರುವುದಿಲ್ಲ.